ಸುಡದ ಚಕ್ರ

“ಮೂರು ಸುಟ್ಟಿವೆ, ಒಂದು ಸುಟ್ಟಿಲ್ಲ. ಸುಟ್ಟಿದ್ದನ್ನ ಊರೆಲ್ಲ ನೋಡಿದೆ ಕಣೇ. ನೀನು ಸುಡದೆ ಇರೋದರ ಫೋಟೊ ತೆಗಿ.”

ಅತ್ತಿಗೆ ನೆಲದ ಮೇಲೆ ಗೋಣಿತಟ್ಟು ಹಾಸಿಕೊಂಡು, ಕುದುರೆ ಸಾಗಿಸುವ ಟ್ರೇಲರಿನ ಕೆಳಗೆ ಅರ್ಧ ಮೈ ತೂರಿಸಿದ್ದರು. ಹೊರಗೆ ಕಾಣುತ್ತಿದ್ದದ್ದು ಅವರ ಎರಡು ಪಾದ ಮಾತ್ರ. ಮೂವತ್ತು ವರ್ಷ ವಾಹನ ತನಿಖಾಧಿಕಾರಿಯಾಗಿ ಊರಿನ ಲಾರಿಯವರನ್ನೆಲ್ಲ ನಡುಗಿಸಿದ ಹೆಂಗಸು, ನಿವೃತ್ತಿಯಾದ ಮೇಲೂ ನೆಲಕ್ಕೆ ಬೆನ್ನು ಕೊಡುವುದನ್ನು ಬಿಟ್ಟಿಲ್ಲ. ನನ್ನ ಅಣ್ಣ ಇದನ್ನು ನೋಡಿದ್ದರೆ ಸೀರೆ ಹಾಳಾಯಿತು ಎಂದು ಗೊಣಗುತ್ತಿದ್ದ.

ನಾನು ಕ್ಯಾಮರಾ ಹಿಡಿದು ಬಗ್ಗಿದೆ. ನನ್ನದು ಪಾಸ್‌ಪೋರ್ಟ್ ಫೋಟೊ ತೆಗೆಯುವ ಪುಟ್ಟ ಸ್ಟುಡಿಯೊ. ಜನರಿಗೆ ಗದ್ದ ಎತ್ತಿ, ನಗಬೇಡಿ ಅಂತ ಹೇಳಿಕೊಂಡು ಬದುಕುವವಳು. ಸುಟ್ಟ ಗ್ರೀಸಿನ ವಾಸನೆಯಲ್ಲಿ ಚಕ್ರಗಳ ಫೋಟೊ ತೆಗೆಯುವ ಕಾಲ ಬರುತ್ತದೆಂದು ಯಾರಾದರೂ ಹೇಳಿದ್ದರೆ ನಕ್ಕುಬಿಡುತ್ತಿದ್ದೆ.

ಈಗ ನಗು ಬರುತ್ತಿರಲಿಲ್ಲ. ಎರಡು ದಿನದ ಹಿಂದೆ ಬೆಟ್ಟದ ಇಳಿಜಾರಿನಲ್ಲಿ ಈ ಟ್ರೇಲರಿನ ಬ್ರೇಕು ಕಾದು, ಬೆಂಕಿ ಹತ್ತಿ, ಗಾಡಿ ಮಗುಚಿ ಒಂದು ಕುದುರೆ ಸತ್ತಿತ್ತು, ಡ್ರೈವರ್ ಆಸ್ಪತ್ರೆಯಲ್ಲಿ ಜೀವ ಹಿಡಿದುಕೊಂಡಿದ್ದ. ಆ ಬ್ರೇಕನ್ನು ರಿಪೇರಿ ಮಾಡಿದವನು ನನ್ನ ಒಬ್ಬನೇ ತಮ್ಮ.

ಅವನು ಅಲ್ಲೇ, ಗಾಡಿಯನ್ನು ಎಳೆತಂದು ನಿಲ್ಲಿಸಿದ್ದ ಕುದುರೆ ಸವಾರಿ ಶಾಲೆಯ ಅಂಗಳದಲ್ಲಿ, ಬೇಲಿಯ ಪಕ್ಕದ ಬೆಂಚಿನ ಮೇಲೆ, ಕಾನ್‌ಸ್ಟೇಬಲ್ ಜೊತೆ ಕೂತಿದ್ದ. ಮಹಜರಿಗೆಂದು ಕರೆತಂದಿದ್ದರು. ಬಂದಾಗಿನಿಂದ ತುಟಿ ಪಿಟಕ್ಕೆಂದಿರಲಿಲ್ಲ. ಒಂದು ನಟ್ಟು ಸಡಿಲ ಎಂದು ಹೇಳಿದರೆ ಗಂಟೆಗಟ್ಟಲೆ ವಾದಿಸುವ ಹುಡುಗ, ಜೈಲಿಗೆ ಹೋಗುವ ಹೊತ್ತಿನಲ್ಲಿ ಬಾಯಿಗೆ ಬೀಗ ಹಾಕಿಕೊಂಡಿದ್ದ.

“ಮೇಡಂ, ಎಷ್ಟು ಹೊತ್ತು?” ಇನ್ಸ್‌ಪೆಕ್ಟರ್ ಕರವಸ್ತ್ರದೊಳಗೆ ಸೀನಿದರು. ಕುದುರೆ ಕೂದಲು ಅವರಿಗೆ ಆಗುವುದಿಲ್ಲ. ಲಾಯದ ಹತ್ತಿರ ಕೂಡ ಸುಳಿಯದೆ ಅಂಗಳದ ನಡುವೆ ನಿಂತಿದ್ದರೂ ಕಣ್ಣು ಕೆಂಪಗಾಗಿತ್ತು. “ಸಂಜೆ ಕೋರ್ಟಿಗೆ ಕಾಗದ ಹೋಗ್ಬೇಕು. ವಿಮೆ ಕಂಪನಿ ಎಂಜಿನಿಯರ್ ಬರೆದುಕೊಟ್ಟಾಗಿದೆ. ಮೂರು ಚಕ್ರದ ಬ್ರೇಕ್ ಶೂ ಅತಿಯಾಗಿ ಬಿಗಿ ಮಾಡಿದ್ದಾನೆ, ನಾಲ್ಕನೇದನ್ನ ಮರೆತಿದ್ದಾನೆ. ನೀವು ಹಳೇ ಅಧಿಕಾರಿ ಅಂತ ಮರ್ಯಾದೆಗೆ ಬಿಟ್ಟಿದ್ದೀನಿ.”

“ಮರ್ಯಾದೆ ಇರ್ಲಿ, ಸ್ವಲ್ಪ ಟಾರ್ಚ್ ಹಿಡೀರಿ,” ಎಂದಿತು ಟ್ರೇಲರಿನ ಕೆಳಗಿನ ಧ್ವನಿ.

ಇನ್ಸ್‌ಪೆಕ್ಟರ್ ಟಾರ್ಚ್ ಹಿಡಿದರು. ಅತ್ತಿಗೆಯ ಧ್ವನಿಗೆ ಆ ಶಕ್ತಿ ಇದೆ.

“ಪ್ರತಿ ಚಕ್ರದೊಳಗೂ ಶೂ ಬಿಗಿ ಮಾಡೋ ಒಂದು ಹಲ್ಲಿನ ತಿರುಪು ಇರುತ್ತೆ. ಬಿಗಿ ಮಾಡಿದಷ್ಟೂ ಅದರ ಮರೆ, ಅಂದ್ರೆ ಸುತ್ತುಗೆರೆ, ಆಚೆ ಬರುತ್ತೆ. ಸುಟ್ಟ ಮೂರರಲ್ಲಿ ನೋಡಿ, ಎಷ್ಟು ಬಂದಿದೆ?”

“ನನ್ನ ಕಿರುಬೆರಳಿನ ಅರ್ಧ ಉಗುರಿನಷ್ಟು.”

“ಸುಡದೆ ಇರೋದರಲ್ಲಿ?”

ಇನ್ಸ್‌ಪೆಕ್ಟರ್ ಮತ್ತೆ ಬಗ್ಗಿ ನೋಡಿದರು, ಸೀನಿದರು, ಮತ್ತೆ ನೋಡಿದರು. “ಅಷ್ಟೇ.”

“ನಾಲ್ಕೂ ಒಂದೇ ಅಳತೆ. ಬಿಗಿಯಾಗಿದ್ರೆ ನಾಲ್ಕೂ ಸುಡಬೇಕು, ಇಲ್ಲ ಯಾವುದೂ ಸುಡಬಾರದು. ನಿಮ್ಮ ಎಂಜಿನಿಯರ್ ಕರಕಲನ್ನ ನೋಡಿ ಬರೆದಿದ್ದಾರೆ, ತಿರುಪನ್ನ ನೋಡಿಲ್ಲ. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ ಹಾಗಾಯ್ತು.”

ತಮ್ಮನ ಕಡೆ ನೋಡಿ ಕೈ ಎತ್ತಿದೆ. ಅವನು ಬೇರೆ ಕಡೆ ಮುಖ ತಿರುಗಿಸಿಕೊಂಡ.

ಅತ್ತಿಗೆ ನನ್ನನ್ನು ಹತ್ತಿರ ಕರೆದರು. ಸುಡದ ಚಕ್ರದ ಹಿಂದಿನ ತಟ್ಟೆಯಲ್ಲಿ ಒಂದು ರಬ್ಬರ್ ಉಂಗುರ, ಅದರೊಳಗಿಂದ ಬ್ರೇಕಿನ ವೈರು ಒಳಗೆ ಹೋಗುತ್ತದೆ. ಅವರು ಉಂಗುರವನ್ನು ಉಗುರಿನಿಂದ ಸರಿಸಿದರು. ವೈರು ತುಂಡಾಗಿತ್ತು. ತುಂಡಾದ ತುದಿಯನ್ನು ಯಾರೋ ನಾಜೂಕಾಗಿ ಒಳಗೆ ತಳ್ಳಿ, ಮೇಲೆ ಉಂಗುರ ಮುಚ್ಚಿದ್ದರು.

“ಈ ಬ್ರೇಕು ನಡೆಯೋದು ಅಯಸ್ಕಾಂತದಿಂದ. ಟ್ರೇಲರನ್ನ ಎಳೆಯೋ ಮುಂದಿನ ಪಿಕಪ್ ಗಾಡಿಯಿಂದ ಕರೆಂಟ್ ಬಂದ್ರೆ ಅಯಸ್ಕಾಂತ ಡ್ರಮ್ಮಿಗೆ ಅಂಟುತ್ತೆ, ಶೂಗಳನ್ನ ಒತ್ತುತ್ತೆ. ಈ ಚಕ್ರಕ್ಕೆ ಕರೆಂಟೇ ಬಂದಿಲ್ಲ. ಅದಕ್ಕೇ ಸುಟ್ಟಿಲ್ಲ.” ಅವರು ಧ್ವನಿ ತಗ್ಗಿಸಿದರು. “ತುದಿ ನೋಡು. ಪ್ಲಾಯರ್ ಆಗಿದ್ರೆ ಎರಡೂ ಕಡೆ ಕಚ್ಚಿ ಚಪ್ಪಟೆ ಮಾಡುತ್ತೆ. ಇದನ್ನ ಒಂದೇ ಕಡೆಯಿಂದ ಎಳೆದು ಕೊಯ್ದಿದ್ದಾರೆ. ಕೈ ಹೋಗದ ಜಾಗ ಬೇರೆ. ತುದಿ ಕೊಕ್ಕೆಯ ಹಾಗೆ ಬಾಗಿರೋ ಚಾಕು ಬೇಕು.”

“ಅಂಥ ಚಾಕು ಎಲ್ಲಿರುತ್ತೆ?”

“ಕುದುರೆ ಗೊರಸು ಕೆತ್ತೋರ ಹತ್ರ. ಈ ಮಾತು ಸದ್ಯಕ್ಕೆ ನಿನ್ನಲ್ಲೇ ಇರ್ಲಿ. ಇನ್ಸ್‌ಪೆಕ್ಟರಿಗೂ ಬೇಡ. ನೀರು ಕೇಳೋ ನೆಪದಲ್ಲಿ ಲಾಯದೊಳಗೆ ಹೋಗಿ ಬಾ.”

ಲಾಯ ತಂಪಾಗಿತ್ತು. ಒಣಹುಲ್ಲಿನ ವಾಸನೆ, ಚರ್ಮಕ್ಕೆ ಹಚ್ಚುವ ಎಣ್ಣೆಯ ವಾಸನೆ. ಬಾಗಿಲ ಪಕ್ಕದ ಗೋಡೆಗೆ ಒಂದು ಹಲಗೆ, ಹಲಗೆಗೆ ಮೊಳೆಗಳು, ಮೊಳೆಗಳಿಗೆ ಮರದ ಹಿಡಿಯ ಚಾಕುಗಳು. ಪ್ರತಿಯೊಂದರ ತುದಿಯೂ ಕೊಕ್ಕೆಯಾಗಿ ಮಡಿಸಿಕೊಂಡಿತ್ತು. ನಾಲ್ಕು ಮೊಳೆ, ಮೂರು ಚಾಕು. ಖಾಲಿ ಮೊಳೆಯ ಕೆಳಗೆ, ಹಲಗೆಯ ಬಣ್ಣ ಮಾಸದೆ ಚಾಕುವಿನ ಆಕಾರದಲ್ಲೇ ಉಳಿದುಕೊಂಡಿತ್ತು.

ಒಂದು ಫೋಟೊ ತೆಗೆದೆ. ಕ್ಯಾಮರಾದ ಕ್ಲಿಕ್ಕಿಗೆ ಒಂದು ಕುದುರೆ ಬುಸುಗುಟ್ಟಿತು.

“ನೀರು ಬೇಕಿತ್ತಾ?”

ನಾನು ಬೆಚ್ಚಿಬಿದ್ದೆ. ಕಂಬದ ಆಚೆ, ಕಂದು ಕುದುರೆಯ ಮೈ ಉಜ್ಜುತ್ತ ಸವಾರಿ ಶಾಲೆಯ ಯಜಮಾನರ ಮಗಳು ನಿಂತಿದ್ದಳು. ಇಪ್ಪತ್ತಮೂರೋ ನಾಲ್ಕೋ ಇರಬೇಕು. ಕಣ್ಣು ಅತ್ತು ಊದಿದ್ದವು. ಸತ್ತ ಕುದುರೆ ಅವಳದು, ಮರಿಯಾಗಿದ್ದಾಗಿನಿಂದ ಸಾಕಿದ್ದಳಂತೆ. ಅದಕ್ಕೆ ‘ಗಡಿಬಿಡಿ’ ಎಂದು ಹೆಸರಿಟ್ಟವಳೂ ಇವಳೇ.

“ಹೂಂ, ಸ್ವಲ್ಪ ನೀರು,” ಎಂದೆ.

ಅವಳು ಹೂಜಿಯಿಂದ ಲೋಟಕ್ಕೆ ನೀರು ಬಗ್ಗಿಸಿದಳು. “ಅವರು ಊಟ ಮಾಡಿದ್ರಾ?” ಎಂದಳು.

“ಯಾರು?”

ಅವಳು ಕುದುರೆಯ ಕಡೆ ತಿರುಗಿಕೊಂಡಳು. ಉತ್ತರ ಬೇಕಾಗಿಯೂ ಇರಲಿಲ್ಲ. ಪೊಲೀಸರ ಜೊತೆ ಬೆಂಚಿನ ಮೇಲೆ ಕೂತ ಮೆಕ್ಯಾನಿಕ್ಕನ ಊಟದ ಬಗ್ಗೆ ‘ಅವರು’ ಎಂದು ಕೇಳುವವಳು ಯಾರೆಂದು ತಿಳಿಯದಷ್ಟು ದಡ್ಡಿ ನಾನಲ್ಲ. ನಾಲ್ಕು ಚಕ್ರದ ರಿಪೇರಿಗೆ ತಮ್ಮ ತಿಂಗಳುಗಟ್ಟಲೆ ಈ ಶಾಲೆಗೆ ಓಡಾಡಿದಾಗಲೇ ಗೊತ್ತಾಗಬೇಕಿತ್ತು.

ಅದಕ್ಕಿಂತ ಹೆಚ್ಚಿನದೂ ನನಗೆ ಗೊತ್ತಿತ್ತು. ಹೋದ ತಿಂಗಳು ತಮ್ಮ ನನ್ನ ಸ್ಟುಡಿಯೊಗೆ ಬಂದು, ಅಣ್ಣನಿಗೆ ಹೇಳಬೇಡ ಅಂತ ಒಂದು ಫೋಟೊ ಪ್ರಿಂಟ್ ಹಾಕಿಸಿಕೊಂಡು ಹೋಗಿದ್ದ. ಇದೇ ಟ್ರೇಲರಿನ ಮುಂದೆ ಮೊಣಕಾಲೂರಿ ಕೂತು, ಕೈಯಲ್ಲಿ ಕರೆಂಟ್ ನೋಡುವ ಟೆಸ್ಟ್ ಲ್ಯಾಂಪ್ ಹಿಡಿದು ಬಾಯ್ತುಂಬ ನಗುತ್ತಿದ್ದ ಈ ಹುಡುಗಿ. ‘ವೈರಿಂಗ್ ಕಲಿಸ್ತಾ ಇದ್ದೀನಿ ಅಕ್ಕಾ, ನನಗಿಂತ ಬೇಗ ಹಿಡೀತಾಳೆ’ ಅಂತ ಹೆಮ್ಮೆಪಟ್ಟಿದ್ದ.

ಈ ಫೋಟೊದ ವಿಷಯ ನಾನು ಅತ್ತಿಗೆಗೆ ಇನ್ನೂ ಹೇಳಿರಲಿಲ್ಲ. ಲೋಟವನ್ನು ಹಾಗೇ ಕೆಳಗಿಟ್ಟೆ.

“ನಾನೂ ಬರ್ತೀನಿ. ಒಳಗೆ ಇರೋಕಾಗ್ತಿಲ್ಲ,” ಎಂದು ಹುಡುಗಿ ನನ್ನ ಹಿಂದೆಯೇ ಹೊರಟಳು. ಅಂಗಳಕ್ಕೆ ಬಂದು ಬೇಲಿಗೆ ಒರಗಿ ನಿಂತಳು. ತಮ್ಮ ಕೂತ ಬೆಂಚಿಗೂ ಅವಳಿಗೂ ನಡುವೆ ಹತ್ತು ಮಾರು. ಇಬ್ಬರೂ ಒಬ್ಬರನ್ನೊಬ್ಬರು ನೋಡಲಿಲ್ಲ. ಅಷ್ಟು ಶ್ರದ್ಧೆಯಿಂದ ನೋಡದೆ ಇರುವವರನ್ನು ನಾನು ಬೇರೆಲ್ಲೂ ಕಂಡಿಲ್ಲ.

ಅಷ್ಟರಲ್ಲಿ ಅತ್ತಿಗೆ ಟ್ರೇಲರಿನ ಮುಂದಿನ ಮೂತಿಗೆ ಬಂದಿದ್ದರು. ಅಲ್ಲಿ ಪಿಕಪ್‌ನಿಂದ ಬರುವ ವೈರುಗಳೆಲ್ಲ ಸೇರುವ ಒಂದು ಡಬ್ಬಿ. ಬೆಂಕಿ ಅಲ್ಲಿಯವರೆಗೆ ಬಂದಿರಲಿಲ್ಲ. ಮುಚ್ಚಳ ತೆಗೆದು, ಒಳಗಿನ ಗೋಜಲನ್ನು ಕಡ್ಡಿಯಿಂದ ಬಿಡಿಸುತ್ತಿದ್ದರು. ನಾನು ಕಿವಿಯಲ್ಲಿ ಚಾಕುವಿನ ವಿಷಯ ಹೇಳಿದೆ. ಅವರು ತಲೆ ಕೂಡ ಆಡಿಸಲಿಲ್ಲ.

“ಇನ್ಸ್‌ಪೆಕ್ಟರೇ, ಇಲ್ಲಿ ಬನ್ನಿ. ಇದೇನು?”

ಎರಡು ತಿರುಪುಗಳ ನಡುವೆ ಯಾರೋ ಬೆರಳಿನ ಗಾತ್ರದ ಬಿಳಿ ಪಿಂಗಾಣಿ ತುಂಡೊಂದನ್ನು ಸಿಕ್ಕಿಸಿದ್ದರು.

“ರೆಸಿಸ್ಟರ್. ಕರೆಂಟಿನ ಜೋರು ತಗ್ಗಿಸೋಕೆ ಹಾಕೋದು. ಇದರ ಒಂದು ಕಾಲು ಲೈಟಿನ ವೈರಿಗೆ, ಇನ್ನೊಂದು ಕಾಲು ಬ್ರೇಕಿನ ವೈರಿಗೆ. ಈಗ ನೋಡಿ.” ಅತ್ತಿಗೆ ತಾವು ತಂದಿದ್ದ ಬ್ಯಾಟರಿಯ ತುದಿಯನ್ನು ಲೈಟಿನ ವೈರಿಗೆ ಮುಟ್ಟಿಸಿ, ಬ್ರೇಕಿನ ವೈರಿಗೆ ಪುಟ್ಟ ಬಲ್ಬೊಂದನ್ನು ಹಿಡಿದರು. ಬಲ್ಬು ಮಂಕಾಗಿ ಹತ್ತಿತು.

“ಅಂದ್ರೆ?”

“ಲೈಟ್ ಹಾಕಿದಾಗಲೆಲ್ಲ ಬ್ರೇಕಿಗೂ ಸ್ವಲ್ಪ ಕರೆಂಟ್ ಹೋಗುತ್ತೆ. ಪೂರ್ತಿ ಹೋದ್ರೆ ಚಕ್ರ ಜಗ್ಗಿ ಹಿಡಿದು, ಓಡಿಸೋನಿಗೆ ತಕ್ಷಣ ಗೊತ್ತಾಗುತ್ತೆ. ಸ್ವಲ್ಪವೇ ಹೋದ್ರೆ ಗಾಡಿ ಭಾರ ಅನ್ಸುತ್ತೆ, ಅಷ್ಟೇ. ಬೆಟ್ಟ ಹತ್ತುವಾಗ ಯಾವ ಗಾಡಿ ಭಾರ ಅನ್ಸಲ್ಲ? ಅಂಗಳದಲ್ಲಿ ಹಗಲು ಹೊತ್ತು ಪರೀಕ್ಷೆ ಮಾಡಿದ್ರೆ ಎಲ್ಲ ಸರಿ. ಬೆಟ್ಟದ ಮೇಲೆ ಮಂಜು ಕವೀತು, ಡ್ರೈವರ್ ಲೈಟ್ ಹಾಕಿದ. ಅಲ್ಲಿಂದ ಶೂ ಡ್ರಮ್ಮಿಗೆ ಉಜ್ತಾನೇ ಇತ್ತು, ಕಾಯ್ತಾನೇ ಇತ್ತು. ಇಳಿಜಾರಿಗೆ ಬರೋ ಹೊತ್ತಿಗೆ ಬ್ರೇಕ್ ಅನ್ನೋದು ಉಳಿದಿರ್ಲಿಲ್ಲ.”

ಇನ್ಸ್‌ಪೆಕ್ಟರರ ಸೀನು ಅರ್ಧಕ್ಕೇ ನಿಂತಿತು. “ಹಾಗಿದ್ರೆ ಇದು ಅಜಾಗರೂಕತೆ ಅಲ್ಲ.”

“ಅಲ್ಲ. ಕೊಲೆ ಪ್ರಯತ್ನ.”

ನನಗೆ ಕುಣಿಯಬೇಕು ಅನ್ನಿಸಿತು. ತಮ್ಮ ಬಿಡುಗಡೆಯಾದ ಎಂದೇ ತಿಳಿದೆ. ಆಗಲೇ ಹಿಂದಿನಿಂದ ಗಡುಸಾದ ಧ್ವನಿ ಕೇಳಿಸಿತು.

“ಏನು ನಾಟಕ ಇದು? ಅತ್ತಿಗೆ ಬಂದು ಮೈದುನನ್ನ ಬಿಡಿಸಿಕೊಂಡು ಹೋಗೋದಾದ್ರೆ ಪೊಲೀಸ್ ಸ್ಟೇಷನ್ ಯಾಕೆ ಬೇಕು?”

ಸವಾರಿ ಶಾಲೆಯ ಯಜಮಾನರು. ಊರಿಗೆಲ್ಲ ‘ಕುದುರೆ ಮೇಷ್ಟ್ರು’. ನೆಟ್ಟಗೆ ಬೆಳೆದ ಆಳು, ಇವತ್ತು ಮಾತ್ರ ಸೊಂಟಕ್ಕೆ ಅಗಲವಾದ ಪಟ್ಟಿ ಬಿಗಿದುಕೊಂಡು ಕೋಲೂರಿ ಬಂದರು. ತಮ್ಮನ ಮೇಲೆ ದೂರು ಕೊಟ್ಟವರೇ ಇವರು. ಸ್ಟೇಷನ್ನಿಗೆ ಮೂರು ಸಲ ಹೋಗಿ ‘ಇನ್ನೂ ಒಳಗೆ ಹಾಕಿಲ್ವಾ’ ಅಂತ ಕೇಳಿದ್ದರಂತೆ.

“ಬನ್ನಿ ಮೇಷ್ಟ್ರೇ,” ಎಂದರು ಅತ್ತಿಗೆ, ಸೀರೆಯ ಮಣ್ಣು ಕೊಡವುತ್ತ. “ನಿಮ್ಮನ್ನೇ ಕರೆಸೋಣ ಅಂತಿದ್ದೆ. ಆಸ್ಪತ್ರೆಗೆ ಹೋಗಿ ನಿಮ್ಮ ಡ್ರೈವರನ್ನ ನೋಡಿದ್ರಾ?”

“ಅವನಿಗೆ ಪ್ರಜ್ಞೆ ಎಲ್ಲಿದೆ?”

“ಬೆಳಿಗ್ಗೆ ಸ್ವಲ್ಪ ಬಂದಿತ್ತು. ಒಂದೇ ಮಾತು ಹೇಳ್ದ. ‘ಎಡಗಡೆ ಮುಂದಿನದು ತಣ್ಣಗಿತ್ತು ಅಮ್ಮಾ, ಮುಟ್ಟಿ ನೋಡಿದ್ದೆ’ ಅಂತ.”

ಮೇಷ್ಟ್ರ ಕೋಲು ನೆಲದಲ್ಲಿ ಸ್ವಲ್ಪ ಜಾರಿತು.

“ನನಗೆ ಅದು ವಿಚಿತ್ರ ಅನ್ನಿಸ್ತು. ಡ್ರೈವರ್ ಬಾಗಿಲು ಇರೋದು ಬಲಗಡೆ. ಬೆಟ್ಟದ ಮೇಲೆ ಗಾಡಿ ನಿಲ್ಸಿದೋನು ಬಲಗಡೆ ಇಳೀತಾನೆ, ಬಲಗಡೆ ಚಕ್ರ ಮುಟ್ತಾನೆ. ಅದು ಸುಡ್ತಾ ಇತ್ತು. ಬಿಸಿ ಸಿಕ್ಕ ಮೇಲೆ ಮುಗೀತಲ್ಲ? ಸುತ್ತು ಹಾಕಿಕೊಂಡು ಹೋಗಿ ಎಡಗಡೆದನ್ನೇ ಯಾಕೆ ಮುಟ್ಟಿದ?”

“ನನಗೇನು ಗೊತ್ತು?”

“ಯಾರೋ ಹೇಳಿರ್ಬೇಕು. ಫೋನಿನಲ್ಲಿ.”

ಇನ್ಸ್‌ಪೆಕ್ಟರ್ ಈಗ ಸೀನುವುದನ್ನೇ ಮರೆತಿದ್ದರು. ಮೇಷ್ಟ್ರ ಕಣ್ಣು ಟ್ರೇಲರಿನ ಎಡಗಡೆ ಮುಂದಿನ ಚಕ್ರದ ಮೇಲೆ ನೆಟ್ಟಿತ್ತು.

“ಸ್ವಲ್ಪ ಈ ಟ್ರೇಲರನ್ನ ನೀವೇ ಒಂದು ಸಲ ನೋಡಿಬಿಡಿ,” ಎಂದರು ಅತ್ತಿಗೆ ಮೆತ್ತಗೆ. “ನಿಮ್ಮದೇ ಗಾಡಿ ತಾನೆ.”

ಮೇಷ್ಟ್ರು ಹೆಜ್ಜೆ ಹಾಕಿದರು. ನಾವೆಲ್ಲ ನಿಂತಿದ್ದದ್ದು ಬಲಗಡೆ. ನೋವಿನ ಸೊಂಟ ಹೊತ್ತುಕೊಂಡು, ಕೋಲೂರುತ್ತ, ಮೂತಿಯನ್ನು ಬಳಸಿ ಎಡಕ್ಕೆ ಹೋದರು. ಬಗ್ಗಿ, ಅಂಗೈಯನ್ನಲ್ಲ, ಕೈಯ ಹಿಂಭಾಗವನ್ನು ಮುಂದಿನ ಚಕ್ರದ ನಡುವೆ ಇಟ್ಟರು. ಎರಡು ದಿನದಿಂದ ತಣ್ಣಗೆ ನಿಂತಿದ್ದ ಗಾಡಿಗೆ ಯಾರಾದರೂ ಹಾಗೆ ಮಾಡುತ್ತಾರೆಯೇ? ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಿತ್ತು. ಮುಟ್ಟಿದ ಮೇಲೆ ಅವರಿಗೇ ಅರಿವಾಗಿ ಕೈ ಹಿಂದಕ್ಕೆ ಎಳೆದುಕೊಂಡರು.

“ಎಡಗಡೆ,” ಎಂದರು ಅತ್ತಿಗೆ.

“ಕುದುರೆ ಹತ್ರ ಯಾವತ್ತೂ ಎಡಗಡೆಯಿಂದಾನೇ ಹೋಗೋದು.” ಮೇಷ್ಟ್ರ ಧ್ವನಿಯಲ್ಲಿ ಗಡಸುತನ ಇಳಿದಿತ್ತು. “ಹತ್ತೋದು ಎಡದಿಂದ, ಜೀನು ಬಿಗಿಯೋದು ಎಡದಿಂದ, ಹಿಡಿದು ನಡೆಸೋದು ಎಡದಿಂದ. ಐವತ್ತು ವರ್ಷದ ಅಭ್ಯಾಸ. ಗಾಡಿಗೂ ಅದೇ ಬಂದುಬಿಟ್ಟಿದೆ. ಇಳೀತೀನಿ, ಸುತ್ತು ಹಾಕ್ತೀನಿ, ಇದನ್ನ ಮುಟ್ತೀನಿ. ಇದು ತಣ್ಣಗಿದ್ರೆ ಎಲ್ಲ ತಣ್ಣಗಿದೆ ಅಂತ.”

“ಅವನು ಫೋನ್ ಮಾಡಿದಾಗ ಏನು ಹೇಳಿದ್ರಿ?”

ಬೇಲಿಯ ಹತ್ತಿರ ಮಗಳು ನೆಟ್ಟಗೆ ನಿಂತಳು.

“ಬಲಗಡೆ ಚಕ್ರ ಬಿಸಿ ಇದೆ ಯಜಮಾನ್ರೇ ಅಂದ. ಎಡಗಡೆ ಮುಂದಿನದು ನೋಡೋ ಅಂದೆ. ತಣ್ಣಗಿದೆ ಅಂದ. ಹಾಗಿದ್ರೆ ಏನೂ ಆಗಿಲ್ಲ, ಹೊರಡು, ಕುದುರೆ ನಿಂತಷ್ಟೂ ಬೆವರುತ್ತೆ…” ಆ ದೊಡ್ಡ ಮನುಷ್ಯ ಕೋಲಿನ ಮೇಲೆ ಎರಡೂ ಕೈ ಇಟ್ಟು ಅತ್ತುಬಿಟ್ಟರು.

“ಅಪ್ಪಾ!” ಎಂದಳು ಮಗಳು.

ಅದಕ್ಕೇ ಸ್ಟೇಷನ್ನಿಗೆ ಮೂರು ಸಲ ಅಲೆದದ್ದು. ತನ್ನ ಮಾತಿಗೇ ಗಾಡಿ ಹೊರಟಿತು ಎಂಬುದನ್ನು ಹೊರಲಾರದೆ, ನನ್ನ ತಮ್ಮನ ತಲೆಗೆ ಕಟ್ಟಲು ನೋಡಿದ್ದರು. ಅವರನ್ನು ಬಯ್ಯಬೇಕೆಂದು ಬಾಯಿವರೆಗೆ ಬಂದ ಮಾತನ್ನು ನುಂಗಿಕೊಂಡೆ.

ಅತ್ತಿಗೆ ಮಾತ್ರ ಅಳುವವರಿಗೆ ಬಿಡುವು ಕೊಡುವ ಜಾತಿಯಲ್ಲ. “ಮೇಷ್ಟ್ರೇ, ಆ ದಿನ ಗಾಡಿ ಓಡಿಸಬೇಕಾಗಿದ್ದದ್ದು ಯಾರು?”

“ನಾನೇ. ಯಾವಾಗ್ಲೂ ನಾನೇ. ಬೆಳಿಗ್ಗೆ ಏಳೋ ಹೊತ್ತಿಗೆ ಸೊಂಟ ಹಿಡ್ಕೊಂಡಿತ್ತು. ಕೊನೇ ಗಳಿಗೇಲಿ ಅವನನ್ನ ಕಳಿಸ್ದೆ.”

“ಮೂರು ಚಕ್ರ ಕಾಯೋ ಹಾಗೆ ಮಾಡಿ, ಒಂದರ ವೈರು ಮಾತ್ರ ಕೊಯ್ದು ತಣ್ಣಗಿಟ್ಟಿದ್ದಾರೆ. ಡ್ರೈವರಿಗೆ ಬಲೆ ಹಾಕೋದಾಗಿದ್ರೆ ಬಲಗಡೇದು ಕೊಯ್ತಿದ್ರು. ಕೊಯ್ದಿರೋದು ಎಡಗಡೆ ಮುಂದಿನದು. ಇದು ಆ ಬಡಪಾಯಿಗೆ ಹಾಕಿದ ಬಲೆ ಅಲ್ಲ.” ಅತ್ತಿಗೆ ಒಂದು ಹೆಜ್ಜೆ ಮುಂದಿಟ್ಟರು. “ನಿಮಗೆ ಹಾಕಿದ್ದು.”

ಮೇಷ್ಟ್ರ ಅಳು ನಿಂತಿತು.

ಇನ್ಸ್‌ಪೆಕ್ಟರ್ ಪೆನ್ನು ತೆಗೆದರು. “ಎಡಗಡೆ ಆ ಚಕ್ರವನ್ನ ಮಾತ್ರ ಮುಟ್ತೀರಿ ಅನ್ನೋದು ಯಾರಿಗೆ ಗೊತ್ತು?”

“ಯಾರಿಗೂ ಇಲ್ಲ. ಒಬ್ಬನೇ ಹೋಗ್ತಿದ್ದೆ.” ತಡವರಿಸಿದರು. “ಒಬ್ಬನೇ… ಅಂದ್ರೆ…”

ಅವರ ದೃಷ್ಟಿ ತಾನಾಗಿಯೇ ಬೇಲಿಯ ಕಡೆ ಹೊರಳಿತು. ಹೊರಳಿದ್ದನ್ನು ತಡೆದುಕೊಂಡು ತಕ್ಷಣ ನೆಲ ನೋಡಿದರು. ಸ್ಪರ್ಧೆಗಳಿಗೆ ಗಡಿಬಿಡಿಯನ್ನು ಕರೆದುಕೊಂಡು ಹೋಗುವಾಗ ಅಪ್ಪನ ಪಕ್ಕದ ಸೀಟಿನಲ್ಲಿ ಯಾರು ಕೂರುತ್ತಿದ್ದರು ಎಂದು ಕೇಳುವ ಅಗತ್ಯ ಯಾರಿಗೂ ಇರಲಿಲ್ಲ. ಚಕ್ರದ ಅಭ್ಯಾಸ ಗೊತ್ತು. ವೈರಿಂಗ್ ಗೊತ್ತು. ಚಾಕು ಮನೆಯದೇ. ನನ್ನ ಸ್ಟುಡಿಯೊದಲ್ಲಿ ಪ್ರಿಂಟ್ ಹಾಕಿದ ಫೋಟೊ ಕಣ್ಣ ಮುಂದೆ ಬಂತು.

“ಅಂದ್ರೆ ಏನು? ಪೂರ್ತಿ ಹೇಳಿ,” ಎಂದರು ಇನ್ಸ್‌ಪೆಕ್ಟರ್.

“ನನಗೆ ಗೊತ್ತಿತ್ತು ಸಾರ್.”

ಎಲ್ಲರೂ ತಿರುಗಿದೆವು. ಎರಡು ದಿನದಿಂದ ಬಾಯಿ ಬಿಡದ ನನ್ನ ತಮ್ಮ ಬೆಂಚಿನಿಂದ ಎದ್ದು ನಿಂತಿದ್ದ.

“ಮೇಷ್ಟ್ರು ಎಡಗಡೆ ಮುಟ್ಟೋದನ್ನ ಎಷ್ಟೋ ಸಲ ನೋಡಿದ್ದೀನಿ. ರೆಸಿಸ್ಟರ್ ಹಾಕಿದ್ದೂ ನಾನೇ. ವೈರ್ ಕತ್ತರಿಸಿದ್ದೂ ನಾನೇ.”

“ಏನೋ ಬೊಗಳ್ತಿದ್ದೀಯ!” ಎಂದು ಕೂಗಿದೆ. ನನ್ನ ಧ್ವನಿ ನನಗೇ ಗುರುತು ಸಿಗಲಿಲ್ಲ.

“ಸುಮ್ನಿರು ಅಕ್ಕಾ.”

“ಯಾಕೆ ಮಾಡ್ದೆ?” ಇನ್ಸ್‌ಪೆಕ್ಟರ್ ಹತ್ತಿರ ಹೋದರು.

“ಎಲ್ಲರ ಮುಂದೆ ನನ್ನನ್ನ ಗ್ಯಾರೇಜ್ ನಾಯಿ ಅಂದಿದ್ರು.”

ಮೇಷ್ಟ್ರು ಅದನ್ನು ಅಲ್ಲಗಳೆಯಲಿಲ್ಲ. ಮಗಳು ಬೇಲಿಯನ್ನು ಗಟ್ಟಿಯಾಗಿ ಹಿಡಿದುಕೊಂಡು ನನ್ನ ತಮ್ಮನನ್ನೇ ನೋಡುತ್ತಿದ್ದಳು.

ಇನ್ಸ್‌ಪೆಕ್ಟರ್ ಕೇಳಬೇಕಾದ್ದನ್ನೇ ಕೇಳಿದರು. “ವೈರನ್ನ ಯಾವುದರಿಂದ ಕತ್ತರಿಸ್ದೆ?”

“ಕಟಿಂಗ್ ಪ್ಲಾಯರ್. ನನ್ನ ಪೆಟ್ಟಿಗೇಲೇ ಇದೆ.”

ಅತ್ತಿಗೆಯ ಕೈ ನನ್ನ ಮಣಿಕಟ್ಟನ್ನು ಹಿಡಿಯಿತು. ಅಷ್ಟು ಗಟ್ಟಿಯಾಗಿ ಹಿಡಿದರು ಎಂದರೆ ಬಳೆ ಚರ್ಮಕ್ಕೆ ಒತ್ತಿತು. ಸುಳ್ಳು. ಇವನು ಕತ್ತರಿಸಿಲ್ಲ. ಆ ಒಂದು ಮಾತು ಹೇಳಿದರೆ ತಮ್ಮ ಉಳಿಯುತ್ತಾನೆ. ಹೇಳಿದರೆ ಮುಂದಿನ ಪ್ರಶ್ನೆ ಚಾಕುವಿನದು, ಅದರ ಮುಂದಿನದು ಆ ಹುಡುಗಿಯದು.

“ಕೇಳಿದ್ರಲ್ಲ?” ಎಂದರು ಮೇಷ್ಟ್ರು, ಬೇಕಾದ್ದಕ್ಕಿಂತ ಬೇಗ. “ಒಪ್ಪಿಕೊಂಡಾಯ್ತು. ಕರ್ಕೊಂಡು ಹೋಗಿ.”

ಅವರೂ ಮಗಳನ್ನೇ ಶಂಕಿಸಿದ್ದಾರೆ ಎಂದು ಆಗ ತಿಳಿಯಿತು. ಒಬ್ಬರ ಮುಖ ಒಬ್ಬರಿಗೆ ಆಗದ ಇಬ್ಬರು ಗಂಡಸರು ಒಂದೇ ಹುಡುಗಿಗೆ ಅಡ್ಡ ನಿಂತಿದ್ದರು. ನನಗೆ ಅವರಿಬ್ಬರ ಮೇಲೂ ಒಟ್ಟಿಗೇ ಸಿಟ್ಟು ಬಂತು, ಅಳುವೂ ಬಂತು.

“ಅತ್ತಿಗೆ, ಹೇಳಿ,” ಎಂದೆ ಪಿಸುದನಿಯಲ್ಲಿ. “ಪ್ಲಾಯರ್ ಅಲ್ಲ ಅಂತ ಹೇಳಿಬಿಡಿ.”

“ತಡಿ.”

“ಏನು ತಡಿಯೋದು? ಜೈಲಿಗೆ ಹೋಗ್ತಿರೋನು ನನ್ನ ತಮ್ಮ!”

“ನಾನು ಮದುವೆಯಾಗಿ ಬಂದಾಗ ಅವನು ನನ್ನ ಸೊಂಟದಷ್ಟೂ ಇರ್ಲಿಲ್ಲ. ನನಗೇನು ಅವನು ಬೀದೀಲಿ ಸಿಕ್ಕಿದೋನಾ?” ಅವರ ಕಣ್ಣಲ್ಲಿ ನೀರಿತ್ತು. ಅದನ್ನು ನಾನು ಅವತ್ತೇ ಮೊದಲು ಕಂಡದ್ದು. “ಅರ್ಧ ಗೊತ್ತಿರೋ ಸತ್ಯ ಹೇಳಿ ಇನ್ನೊಬ್ಬರ ಮಗಳನ್ನ ಒಳಗೆ ಹಾಕಿಸಲ್ಲ. ಸ್ವಲ್ಪ ತಡಿ.”

ಕಾನ್‌ಸ್ಟೇಬಲ್ ತಮ್ಮನ ತೋಳು ಹಿಡಿದು ಜೀಪಿನ ಕಡೆ ನಡೆಸಿದ. ನನ್ನ ಪಕ್ಕಕ್ಕೆ ಬಂದಾಗ ಅವನು ಚಪ್ಪಲಿ ಸರಿಮಾಡಿಕೊಳ್ಳುವವನಂತೆ ಬಗ್ಗಿದ.

“ಅಕ್ಕಾ, ಲಾಯದ ಗೋಡೆ ಫೋಟೊ ತೆಗೆದಿದ್ರೆ ಅಳಿಸಿಬಿಡು,” ಎಂದ ತುಟಿ ಅಲ್ಲಾಡಿಸದೆ. “ನನ್ನಾಣೆ.”

ಜೀಪು ಹೊರಟಿತು. ಇನ್ಸ್‌ಪೆಕ್ಟರರ ಸೀನು ಗೇಟಿನಾಚೆಯಿಂದಲೂ ಕೇಳಿಸಿತು.

ನಾನು ನಿಂತಲ್ಲೇ ನಿಂತಿದ್ದೆ. ಚಾಕುವಿನ ಮಾತು ಅತ್ತಿಗೆಗೂ ನನಗೂ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. ಹಾಗಾದರೆ ಇವನು ಆ ಖಾಲಿ ಮೊಳೆಯನ್ನು ಮೊದಲೇ ಕಂಡಿದ್ದ. ಕಂಡು, ಇವಳೇ ಎಂದು ತಾನೇ ತೀರ್ಮಾನಿಸಿ, ಎರಡು ದಿನದಿಂದ ಬಾಯಿ ಮು‌ಚ್ಚಿಕೊಂಡಿದ್ದ.

ಕ್ಯಾಮರಾ ತೆರೆದು ಆ ಫೋಟೊ ನೋಡಿದೆ. ನಾಲ್ಕು ಮೊಳೆ, ಮೂರು ಚಾಕು. ಅಳಿಸುವ ಗುಂಡಿಯ ಮೇಲೆ ಹೆಬ್ಬೆರಳು ಇಟ್ಟೆ. ತಮ್ಮನ ಆಣೆ ಒಂದು ಕಡೆ, ತಮ್ಮನ ಜೀವ ಇನ್ನೊಂದು ಕಡೆ. ಒತ್ತಲಾರದೆ, ಇನ್ನೊಂದು ಸಲ ಆ ಗೋಡೆಯನ್ನು ಕಣ್ಣಾರೆ ನೋಡಿ ನಿರ್ಧರಿಸೋಣ ಎಂದು ಲಾಯದ ಕಡೆ ನಡೆದೆ. ಅತ್ತಿಗೆ ಹಿಂದೆಯೇ ಬಂದರು.

ಬಾಗಿಲಲ್ಲೇ ಇಬ್ಬರೂ ನಿಂತುಬಿಟ್ಟೆವು.

ನಾಲ್ಕು ಮೊಳೆಗೂ ನಾಲ್ಕು ಚಾಕು ನೇತಾಡುತ್ತಿದ್ದವು. ಕೊನೆಯದನ್ನು ಯಾರೋ ಈಗಷ್ಟೇ ತೊಳೆದಿದ್ದರು. ಅದರ ಕೊಕ್ಕೆಯ ತುದಿಯಿಂದ ನೀರು ತೊಟ್ಟಿಕ್ಕಿ ಹುಲ್ಲಿನ ಮೇಲೆ ಬೀಳುತ್ತಿತ್ತು.

ನಾನು ತಿರುಗಿ ಅಂಗಳ ನೋಡಿದೆ. ಮೇಷ್ಟ್ರು ಟ್ರೇಲರಿನ ಪಕ್ಕ ಕುಸಿದು ಕೂತಿದ್ದರು. ಮಗಳು ನನ್ನ ಜೊತೆ ಹೊರಗೆ ಬಂದವಳು, ಹೋದ ಜೀಪಿನ ಧೂಳನ್ನು ನೋಡುತ್ತ ಇನ್ನೂ ಅದೇ ಬೇಲಿಯನ್ನು ಹಿಡಿದುಕೊಂಡಿದ್ದಳು. ಅಷ್ಟು ಹೊತ್ತೂ ಅವಳು ನಮ್ಮ ಕಣ್ಣ ಮುಂದೆಯೇ ಇದ್ದಳು.

“ಅತ್ತಿಗೆ,” ಎಂದೆ. “ನಮ್ಮ ಹುಡುಗ ಯಾರಿಗೋಸ್ಕರ ಒಪ್ಪಿಕೊಂಡನೋ ಅವಳು ಇದನ್ನ ಮಾಡೇ ಇಲ್ಲ.”

ಅತ್ತಿಗೆ ನನ್ನ ಬಾಯಿಗೆ ಕೈ ಅಡ್ಡ ಇಟ್ಟರು. ಲಾಯದ ಹಿಂಬಾಗಿಲು ಒಳಗಿನಿಂದ ಚಿಲಕ ಹಾಕಿಕೊಂಡೇ ಇತ್ತು. ಒಳಗೆ, ಕತ್ತಲಿದ್ದ ಕೊನೆಯ ಅಂಕಣದಲ್ಲಿ, ಗಡಿಬಿಡಿ ಸತ್ತ ಮೇಲೆ ಖಾಲಿಯಾಗಿದ್ದ ಜಾಗದಲ್ಲಿ, ಯಾರೋ ಒಣಹುಲ್ಲಿನ ಮೇಲೆ ಮೆಲ್ಲಗೆ ಕಾಲು ಬದಲಿಸಿದರು.